ಈ ಸಲ ಹಾರ್ಮೋನಿಯಂ ಬಸ್ಸು ಹತ್ತುತ್ತದೆ

ಅಕ್ಟೋಬರ್ ಮೊದಲ ವಾರ ನಮ್ಮ ಚರ್ಚ್‌ ಗಾನವೃಂದದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸುತ್ತೋಲೆ ಬಂತು. ನವೆಂಬರ್‌ನಲ್ಲಿ ಸಂತ ಸಿಸಿಲಿಯಳ ಹಬ್ಬದ ಹೊತ್ತಿಗೆ, ಒಂದು ಶನಿವಾರ, ಚಿಕ್ಕಮಗಳೂರಿನಲ್ಲಿ ಕಥೋಲಿಕ ಚರ್ಚ್‌ಗಳ ಗಾನವೃಂದಗಳೆಲ್ಲ ಒಂದೆಡೆ ಸೇರಬೇಕು. ಬೆಳಿಗ್ಗೆ ಪ್ರತಿ ತಂಡದಿಂದ ಒಂದೊಂದು ಹಾಡು. ಆಮೇಲೆ ಎಲ್ಲರಿಗೂ ಒಟ್ಟಿಗೆ ತರಬೇತಿ. ಮಧ್ಯಾಹ್ನ ಮೂರಕ್ಕೆ ಎಲ್ಲ ತಂಡಗಳೂ ಸೇರಿ ಬಲಿಪೂಜೆಗೆ ಹಾಡಬೇಕು. ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಕಡೆಯಲ್ಲಿ ಒಂದು ಷರತ್ತು: ರೆಕಾರ್ಡ್ ಮಾಡಿದ ಟ್ರ್ಯಾಕ್ ಬೇಡ, ಕೀಬೋರ್ಡಿನ ಆಟೊ ರಿದಮ್ ಬೇಡ.

ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾದರು. ನಾನು ಮಾತ್ರ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ನಮ್ಮ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವಳು ನಾನು. ಆ ಸಾಲನ್ನು ಯಾರೋ ನನ್ನನ್ನು ನೋಡಿಯೇ ಬರೆದಂತಿತ್ತು.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವಿನ ಸಣ್ಣ ಚರ್ಚು. ಭಾನುವಾರ ತುಂಬಿದರೆ ನೂರಿಪ್ಪತ್ತು ಜನ. ನಮ್ಮ ಮನೆಯಲ್ಲಿ ಕೊಂಕಣಿ. ಲೈನ್ ಮನೆಗಳಿಂದ ಬರುವವರದ್ದು ತಮಿಳು. ರಬ್ಬರ್ ಟ್ಯಾಪಿಂಗ್‌ಗೆಂದು ಬಂದು ಇಲ್ಲೇ ನಿಂತ ಎರಡು ಮನೆಯವರದ್ದು ಮಲಯಾಳ. ಜಗಳಕ್ಕೆ ಬೇಕಾದರೆ ಅವರವರ ಭಾಷೆ ಇದೆ, ಹಾಡಿಗೆ ಮಾತ್ರ ಎಲ್ಲರಿಗೂ ಕನ್ನಡವೇ. ಗಾನವೃಂದದಲ್ಲಿ ಈಗ ಒಂಬತ್ತು ಜನ ಉಳಿದಿದ್ದೇವೆ. ನಾನು ಹೈಸ್ಕೂಲಿನಲ್ಲಿದ್ದಾಗ ಹದಿನೆಂಟು ಮಂದಿ ಇದ್ದರು. ಮಿಕ್ಕವರು ಬೆಂಗಳೂರಿಗೆ, ಮಂಗಳೂರಿಗೆ, ಗಲ್ಫಿಗೆ ಹೋದರು. ಕ್ರಿಸ್ಮಸ್‌ಗೆ ರಜೆ ಸಿಕ್ಕರೆ ಬಂದು ಮೈಕಿನ ಹತ್ತಿರ ನಿಂತು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

ಮೊದಲು ಹಾಡು ನಡೆಸುತ್ತಿದ್ದವರು ರೈಟರ್ ಮಾಮ. ತೋಟದಲ್ಲಿ ರೈಟರ್ ಆಗಿ ಹಾಜರಿ ಪುಸ್ತಕ ಬರೆದು ನಿವೃತ್ತರಾದವರು. ಎಳೆಯ ವಯಸ್ಸಿನಲ್ಲಿ ಊರಿನ ನಾಟಕದ ಮೇಷ್ಟ್ರ ಹತ್ತಿರ ಹಾರ್ಮೋನಿಯಂ ಕಲಿತರಂತೆ. ಎಡಗೈಯಲ್ಲಿ ತಿದಿ ಒತ್ತುತ್ತಾ, ಬಲಗೈಯಲ್ಲಿ ನುಡಿಸುತ್ತಾ, ಗದ್ದ ಎತ್ತಿ ಜನರ ಕಡೆ ನೋಡುತ್ತಾ ಹಾಡುತ್ತಿದ್ದರು. ಪುಸ್ತಕ ನೋಡುತ್ತಿದ್ದದ್ದು ಕಡಿಮೆ.

ನಾನು ಡಿಗ್ರಿ ಓದಲು ಮಂಗಳೂರಿಗೆ ಹೋದೆ. ಹಾಸ್ಟೆಲ್ ಪಕ್ಕದ ಕ್ಲಾಸಿಗೆ ಸೇರಿ ಕೀಬೋರ್ಡ್ ಕಲಿತೆ. ಬಿ.ಕಾಂ. ಮುಗಿಸಿ ವಾಪಸು ಬಂದಾಗ ಊರಿನವರಿಗೆ ಖುಷಿಯೋ ಖುಷಿ. ಚರ್ಚ್ ಹಬ್ಬದಲ್ಲಿ ಉಳಿದ ಹಣಕ್ಕೆ ಒಂದಷ್ಟು ಸೇರಿಸಿ ಹೊಸ ಕೀಬೋರ್ಡ್ ತಂದರು. ಅದರಲ್ಲಿ ಪಿಟೀಲು, ಕೊಳಲು, ತಬಲ, ಡ್ರಮ್ಸ್ ಎಲ್ಲವೂ ಇತ್ತು. ಒಂದು ಬಟನ್ ಒತ್ತಿದರೆ ತಾಳ ತಾನೇ ಓಡುತ್ತಿತ್ತು. ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಹತ್ತಾರು ಜನ ಬಂದು ಕೈ ಕುಲುಕಿದರು. "ಸಿ.ಡಿ. ಕೇಳಿದ ಹಾಗೇ ಇತ್ತು" ಅಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಇರಬಹುದೆಂದು ನನಗೆ ಆಗ ಗೊತ್ತಿರಲಿಲ್ಲ.

ಎರಡನೇ ವಾರ ಹಾರ್ಮೋನಿಯಂ ಪೂಜಾಪೀಠದ ಹಿಂದಿನ ಕೋಣೆಗೆ ಹೋಯಿತು. ರೈಟರ್ ಮಾಮ ಗಾನವೃಂದದ ಜಾಗದಿಂದ ಎದ್ದು ಹಿಂದಿನ ಬೆಂಚಿಗೆ ಹೋದರು. ಯಾರೂ ಅವರಿಗೆ ಹೋಗಿ ಎನ್ನಲಿಲ್ಲ. ಇರಿ ಎಂದೂ ಹೇಳಲಿಲ್ಲ. ಹೇಳಬೇಕಿದ್ದವಳು ನಾನು. ನಾನು ಆ ಹೊತ್ತಿಗೆ ವೈರ್ ಜೋಡಿಸುವುದರಲ್ಲಿ ಮುಳುಗಿದ್ದೆ.

ಒಂದೂವರೆ ವರ್ಷ ಹೀಗೇ ನಡೆಯಿತು. ನಾನು ಯೂಟ್ಯೂಬ್‌ನಿಂದ ಹೊಸ ಹಾಡುಗಳನ್ನು ಹೆಕ್ಕಿ ತಂದೆ. ಗಾಯಕಿ ಯಾವ ಶ್ರುತಿಯಲ್ಲಿ ಹಾಡಿದ್ದಾರೋ ಅದೇ ಶ್ರುತಿಯಲ್ಲಿ ನುಡಿಸಿದೆ. ನಮ್ಮ ಒಂಬತ್ತು ಜನ ಚೆನ್ನಾಗಿಯೇ ಹಾಡುತ್ತಿದ್ದೆವು. ಬೆಂಚಿನಲ್ಲಿ ಕೂತವರು ಕೇಳುತ್ತಿದ್ದರು. ಅವರು ಬರೀ ಕೇಳುತ್ತಿದ್ದಾರೆ ಎನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಈ ವರ್ಷ ಜೂನ್ ಕೊನೆಯ ಭಾನುವಾರ. ಮಲೆನಾಡಿನ ಮಳೆ ಗೊತ್ತಲ್ಲ, ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ. ಕಾಣಿಕೆ ಗೀತೆಯ ಎರಡನೇ ಸಾಲಿಗೆ ಕರೆಂಟು ಹೋಯಿತು. ಕೀಬೋರ್ಡ್ ಸತ್ತಿತು, ಮೈಕ್ ಸತ್ತಿತು. ನಾವು ಒಂಬತ್ತೂ ಜನ ಬಾಯಿ ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ಆಗ ಹಿಂದಿನ ಬೆಂಚಿನಿಂದ ರೈಟರ್ ಮಾಮನ ದನಿ ಬಂತು. ನಮ್ಮ ಹಾಡಲ್ಲ, ಅದೇ ಜಾಗಕ್ಕೆ ಅವರು ಹಾಡಿಸುತ್ತಿದ್ದ ಒಂದು ಹಳೆಯ ಕಾಣಿಕೆ ಗೀತೆ. ಎರಡನೇ ಸಾಲಿಗೆ ಅಜ್ಜಿಯಂದಿರು ಸೇರಿದರು, ಮೂರನೇ ಸಾಲಿಗೆ ಗಂಡಸರು. ಒಂದು ಚರಣ ಮುಗಿಯುವ ಹೊತ್ತಿಗೆ ಮಳೆಯ ಸದ್ದಿಗಿಂತ ಹಾಡಿನ ಸದ್ದೇ ಜೋರಾಗಿತ್ತು. ಯಾವತ್ತೂ ತುಟಿ ಅಲ್ಲಾಡಿಸದ ನಮ್ಮ ಅಪ್ಪ ಕೂಡ ಹಾಡುತ್ತಿದ್ದರು.

ನನಗೆ ಖುಷಿಯಾಗಬೇಕಿತ್ತು. ನಿಜ ಹೇಳುತ್ತೇನೆ, ನನಗಾಗಿದ್ದು ಅವಮಾನ. ಆ ದಿನ ಪೂಜೆ ಮುಗಿದ ಮೇಲೆ ಕರೆಂಟಿನವರಿಗೆ ಬೈಯುವವಳಂತೆ ನಟಿಸುತ್ತಾ ಬೇಗ ಮನೆಗೆ ಬಂದುಬಿಟ್ಟೆ.

ಎರಡು ವಾರ ಬಿಟ್ಟು ಮಾಮನ ಮನೆಗೆ ಹೋದೆ. ಕ್ಷಮೆ ಕೇಳಲು ಅಂತ ಹೊರಟಿದ್ದೆ. ಬಾಗಿಲಲ್ಲಿ ನಿಂತಾಗ ಬಾಯಿಗೆ ಬಂದದ್ದು ಬೇರೆ: "ಮಾಮ, ನಾನು ನುಡಿಸಿದ್ರೆ ಜನ ಯಾಕೆ ಹಾಡಲ್ಲ?"

ಅವರು ನಕ್ಕರು. ಕಾಫಿ ಕೊಟ್ಟರು. ಆಮೇಲೆ ಕೇಳಿದರು: "ನೀನು ನುಡಿಸೋ ಹಾಡಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರ ಯಾವುದು ಮಗಾ?"

ನಾನು ಯೋಚಿಸಿ, 'ಫಾ' ಅಂದೆ.

"ಅಂದ್ರೆ ಬಿಳಿ ನಾಲ್ಕು. ನೀನು ಎತ್ತೀಯ, ನಿಂದು ಎಳೇ ಗಂಟಲು. ಬೆಳಗ್ಗೆ ಎಂಟು ಗಂಟೆಗೆ, ಚಳೀಲಿ ನಡ್ಕೊಂಡು ಬಂದ ಮುದುಕಿ ಎತ್ತೋದು ಹೇಗೆ? ಬಿಳಿ ಎರಡು ದಾಟಬಾರ್ದು ಮಾರಾಯ್ತಿ. ದಾಟಿದ್ರೆ ಜನ ಜಗಳ ಆಡಲ್ಲ, ಸುಮ್ನೆ ಬಾಯಿ ಮುಚ್ಕೋತಾರೆ."

ಹಾರ್ಮೋನಿಯಂ ಮೇಷ್ಟ್ರುಗಳ ಲೆಕ್ಕ ಇದು: 'ಸಿ'ಯಿಂದ ಎಣಿಸಿದರೆ ಬಿಳಿ ಒಂದು, ಬಿಳಿ ಎರಡು, ಕರಿ ಒಂದು, ಕರಿ ಎರಡು. ನಮ್ಮ ಕಡೆ ಯಕ್ಷಗಾನದ ಭಾಗವತರೂ ಶ್ರುತಿಯನ್ನು ಹೀಗೇ ಹೇಳುತ್ತಾರೆ. ನನ್ನ ಕೀಬೋರ್ಡಿನಲ್ಲಿ ಇದನ್ನು ಸರಿಪಡಿಸಲು ಏನು ಬೇಕು? ಟ್ರಾನ್ಸ್‌ಪೋಸ್ ಬಟನ್ ಮೂರು ಸಲ ಒತ್ತಿದರೆ ಬಿಳಿ ನಾಲ್ಕು ಇಳಿದು ಬಿಳಿ ಎರಡಾಗುತ್ತದೆ. ಒಂದೂವರೆ ವರ್ಷ ಜನರ ಬಾಯಿ ಮುಚ್ಚಿಸಿದ್ದು ನಾನು ಒತ್ತದೇ ಬಿಟ್ಟ ಆ ಬಟನ್.

ಎರಡನೇ ಪಾಠ ಉಸಿರಿನದು. "ನಿನ್ನ ಮಿಷನ್ನಿನ ತಾಳ ಯಾರಿಗೂ ಕಾಯಲ್ಲ" ಅಂದರು. ಜನ ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುತ್ತಾರೆ. ಹತ್ತು ಜನರ ಉಸಿರಿಗೆ ಬೇಕಾದಷ್ಟು ಹೊತ್ತು ನೂರು ಜನರ ಉಸಿರಿಗೆ ಸಾಲದು. ಆಟೊ ರಿದಮ್ ಅದನ್ನು ನೋಡದೆ ಮುಂದಿನ ಸಾಲಿಗೆ ಓಡುತ್ತದೆ, ಜನ ಹಿಂದೆ ಬೀಳುತ್ತಾರೆ, ಎರಡು ಸಲ ಹಿಂದೆ ಬಿದ್ದವರು ಮೂರನೇ ಸಲ ಹಾಡಲು ಹೋಗುವುದೇ ಇಲ್ಲ. "ಅವರ ಭುಜ ನೋಡು. ಭುಜ ಎದ್ದು ಇಳಿದ ಮೇಲೆ ಮುಂದಿನ ಸಾಲು ಹಿಡಿ" ಅಂದರು. ಅವರು ಪುಸ್ತಕ ನೋಡದೆ ಜನರನ್ನು ನೋಡುತ್ತಿದ್ದದ್ದು ಯಾಕೆಂದು ನನಗೆ ಆವತ್ತು ಅರ್ಥವಾಯಿತು.

ಆಮೇಲೆ ನಾನೂ ಒಂದಷ್ಟು ಓದಿದೆ. ನಮ್ಮ ಅಜ್ಜಿಯ ಕಾಲದಲ್ಲಿ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಜನ ಜಪಸರ ಹಿಡಿದು ಕೂತಿರುತ್ತಿದ್ದರಂತೆ. ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯ ಕುರಿತ ಶಾಸನವನ್ನು ಹೊರಡಿಸಿತು. ಜನ ಪೂಜೆಯಲ್ಲಿ ಮೂಕ ಪ್ರೇಕ್ಷಕರಾಗದೆ ಪೂರ್ತಿಯಾಗಿ ಪಾಲ್ಗೊಳ್ಳಬೇಕು ಎಂಬುದು ಅದರ ತಿರುಳು. ಜನರ ಭಾಷೆಗಳು ಪೂಜೆಗೆ ಬಂದದ್ದು ಅದರಿಂದಲೇ. ಸಂಗೀತಕ್ಕೇ ಅದರಲ್ಲೊಂದು ಪ್ರತ್ಯೇಕ ಅಧ್ಯಾಯವಿದೆ. ಪೈಪ್ ಆರ್ಗನ್‌ಗೆ ಅದು ದೊಡ್ಡ ಗೌರವ ಕೊಡುತ್ತದೆ. ಆದರೆ ಆಯಾ ನಾಡಿನ ಜನರ ಸಂಗೀತಕ್ಕೂ ತಕ್ಕ ಸ್ಥಾನ ಸಿಗಬೇಕು, ಪೂಜೆಗೆ ಹೊಂದುವ ಬೇರೆ ವಾದ್ಯಗಳನ್ನೂ ಬಳಸಬಹುದು ಎನ್ನುತ್ತದೆ. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದೂ 1963ರಲ್ಲೇ. ಅಂದರೆ ಕನ್ನಡದ ಪೂಜೆ, ಹಾರ್ಮೋನಿಯಂ, ತಬಲ, ನಮ್ಮ ಗಾನವೃಂದ ಎಲ್ಲವೂ ಒಂದೇ ತಲೆಮಾರಿನ ಮಕ್ಕಳು.

ಇನ್ನೊಂದು ನಿಯಮವನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ, ಕಾರಣ ತಿಳಿದಿರಲಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ, ಕೆಲವು ಹಬ್ಬದ ದಿನಗಳನ್ನು ಬಿಟ್ಟರೆ, ವಾದ್ಯವನ್ನು ಬರೀ ನುಡಿಸುವಂತಿಲ್ಲ. ಹಾಡುವವರಿಗೆ ಆಸರೆಯಾಗಿ ಮಾತ್ರ ನುಡಿಸಬಹುದು. ಹಾಡು ನಿಂತರೆ ವಾದ್ಯವೂ ನಿಲ್ಲಬೇಕು. ನನಗೆ ಆ ದಿನಗಳು ಬೇಸರ ತರಿಸುತ್ತಿದ್ದವು, ಕೈ ಕಟ್ಟಿ ಹಾಕಿದ ಹಾಗೆ ಅನಿಸುತ್ತಿತ್ತು. ವರ್ಷಕ್ಕೊಮ್ಮೆ ಬರುವ ರಿವಿಷನ್ ತರಗತಿ ಅದು ಅಂತ ಈಗ ಅನಿಸುತ್ತದೆ.

ಇನ್ನು ಸಂತ ಸಿಸಿಲಿ. ರೋಮಿನಲ್ಲಿ ಕ್ರಿಸ್ತನಿಗಾಗಿ ಪ್ರಾಣ ಕೊಟ್ಟ ಹೆಣ್ಣುಮಗಳು, ಸಂಗೀತಗಾರರ ಪಾಲಕಿ, ನವೆಂಬರ್ 22 ಆಕೆಯ ಹಬ್ಬ. ಚಿತ್ರಗಳಲ್ಲಿ ಅವಳನ್ನು ಆರ್ಗನ್ ಮುಂದೆ ಕೂರಿಸುವುದುಂಟು. ಆದರೆ ಆಕೆಯ ಹಳೆಯ ಕಥೆಯಲ್ಲಿ ಇರುವುದು ಇಷ್ಟೇ: ಅವಳ ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಅವಳು ತನ್ನ ಮನಸ್ಸಿನಲ್ಲೇ ದೇವರಿಗೆ ಹಾಡಿಕೊಳ್ಳುತ್ತಿದ್ದಳು. ನುಡಿಸಿದವರು ಬೇರೆಯವರು! ಈ ಕಥೆ ಗೊತ್ತಾದ ದಿನ ನನ್ನಷ್ಟಕ್ಕೆ ನಾನೇ ನಕ್ಕೆ.

ಸುತ್ತೋಲೆ ಬಂದ ಸಂಜೆ ನಾನು ಕೋಣೆಯ ಬಾಗಿಲು ತೆಗೆದು ಹಾರ್ಮೋನಿಯಂ ಹೊರಗೆ ತಂದೆ. ಮಳೆಗಾಲದ ತೇವಕ್ಕೆ ಮೇಲೆಲ್ಲ ಬೂಷ್ಟು. ತಿದಿಯ ಒಂದು ಮೂಲೆಯನ್ನು ಇಲಿ ಕಡಿದಿತ್ತು. ನಾಲ್ಕು ಮನೆಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ಅಪ್ಪನ ಜೀಪಿನಲ್ಲಿ ಇಟ್ಟುಕೊಂಡು ನೇರ ಮಾಮನ ಮನೆಗೆ ಹೋದೆ. ಅವರು ನನ್ನನ್ನು ನೋಡಲಿಲ್ಲ, ಪೆಟ್ಟಿಗೆಯನ್ನೇ ನೋಡಿದರು. ಟವೆಲಿನಿಂದ ಒರೆಸಿದರು. "ಇದನ್ನ ಒಲೆ ಮೇಲಿನ ಅಟ್ಟದಲ್ಲಿ ಇಡ್ಬೇಕಿತ್ತು, ತೇವ ಹಿಡೀತಿರ್ಲಿಲ್ಲ" ಅಂತಷ್ಟೇ ಅಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹದಿನೈದು ದಿನ ಅವರು ಅದರ ಜೊತೆ ಕೂತರು. ತಿದಿಗೆ ಹದ ಮಾಡಿದ ತೆಳು ಚರ್ಮ ಅಂಟಿಸಿದರು. ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ತೆಗೆದು ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿದರು. ನಾನು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದೆ. ಕೊನೆಗೊಂದು ದಿನ ಪೂರ್ತಿ ಸ್ಥಾಯಿ ನುಡಿಯಿತು. ಆಗ ಕೇಳಿದೆ: "ಮಾಮ, ಸಮಾವೇಶದಲ್ಲಿ ನೀವೇ ನುಡಿಸಿ."

"ಅಲ್ಲಿಗೆ ದೊಡ್ಡ ದೊಡ್ಡ ಊರಿನವರು ಬರ್ತಾರೆ. ಗಿಟಾರು, ವಯಲಿನ್ನು ತರ್ತಾರೆ. ಈ ಹಳೇ ಪೆಟ್ಟಿಗೆ ತಗೊಂಡು ಹೋಗಿ ನಿಮ್ಮ ಮಾನ ಕಳೀಲಾ?"

ನಾನು ಸುಮ್ಮನೆ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಅಂದರು: "ನೀನು ಹಾಡೋದಾದ್ರೆ ನೋಡೋಣ."

ಇದು ನಾನು ನಿರೀಕ್ಷಿಸದ ಏಟು. ನಾನು ನುಡಿಸುವವಳು. ಕೀಬೋರ್ಡಿನ ಹಿಂದೆ ನಿಂತರೆ ಸಾವಿರ ಜನರನ್ನೂ ಎದುರಿಸಬಲ್ಲೆ. ಕೈಯಲ್ಲಿ ಏನೂ ಇಲ್ಲದೆ, ಬರೀ ದನಿ ಇಟ್ಟುಕೊಂಡು ನಿಲ್ಲುವುದೆಂದರೆ ಕಾಲು ನಡುಗುತ್ತದೆ. ಸಂದರ್ಶನಗಳಲ್ಲಿ ಆಗುವುದೂ ಇದೇ. ಫೈಲು ಎದೆಗೆ ಒತ್ತಿಕೊಂಡು ಒಳಗೆ ಹೋಗುತ್ತೇನೆ, ಅದನ್ನು ಮೇಜಿನ ಮೇಲಿಡಿ ಅಂದ ಕೂಡಲೇ ಮಾತು ನಿಂತುಬಿಡುತ್ತದೆ. ಆದರೂ ಹೂಂ ಅಂದೆ.

ಹಾಡು ಯಾವುದು ಎಂಬ ಚರ್ಚೆಯೇ ಆಗಲಿಲ್ಲ. ಮಳೆಯ ದಿನ ಎಲ್ಲರೂ ಹಾಡಿದ ಆ ಕಾಣಿಕೆ ಗೀತೆ. ಈಗ ಸಂಜೆ ಆರೂವರೆಗೆ, ತೋಟದ ಕೆಲಸ ಬಿಟ್ಟು ಎಲ್ಲರೂ ಕೈಕಾಲು ತೊಳೆದು ಬಂದ ಮೇಲೆ, ಲೈನ್ ಮನೆಗಳ ಪಕ್ಕದ ಕಣದಲ್ಲಿ ಅಭ್ಯಾಸ. ಶ್ರುತಿ ಬಿಳಿ ಎರಡು ದಾಟದಂತೆ ಇಟ್ಟಿದ್ದೇವೆ. ಮೊದಲೆರಡು ದಿನ ನಾವು ಒಬ್ಬರಿಗಿಂತ ಒಬ್ಬರು ಜೋರಾಗಿ ಹಾಡಿದೆವು. ಮಾಮ ಮಧ್ಯದಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: "ಪಕ್ಕದವರ ದನಿ ಕೇಳಿಸ್ತಾ?" ಕೇಳಿಸಲಿಲ್ಲ ಅಂದರೆ ನಾವು ಹೆಚ್ಚು ಕಿರುಚಿದ್ದೇವೆ ಎಂದು ಲೆಕ್ಕ. ನಾನು ಹೋಗುವ ಕೋಚಿಂಗ್ ಕ್ಲಾಸಿನಲ್ಲಿ ಗ್ರೂಪ್ ಡಿಸ್ಕಷನ್‌ಗೆ ಕಲಿಸುವುದು ಇದರ ಉಲ್ಟಾ: ಮೊದಲು ಮಾತಾಡಿ, ಜೋರಾಗಿ ಮಾತಾಡಿ, ಬೇರೆಯವರಿಗೆ ಬಿಟ್ಟುಕೊಡಬೇಡಿ. ಎರಡೂ ಬೇಕಾಗಬಹುದು. ಆದರೆ ಕಣದ ಪಾಠ ನನಗೆ ತಡವಾಗಿ ಸಿಕ್ಕಿತು.

ಈ ಸಮಾವೇಶಕ್ಕೆ ಹೋಗುವುದು ಎಲ್ಲರಿಗೂ ಸಲೀಸಲ್ಲ. ನವೆಂಬರ್ ಎಂದರೆ ಅರೇಬಿಕಾ ಹಣ್ಣಾಗತೊಡಗುವ ಕಾಲ, ಕೊಯ್ಲು ಶುರು. ಶನಿವಾರ ಕೆಲಸದ ದಿನ. ನಮ್ಮ ತಂಡದ ಮೂವರು ಅಕ್ಕಂದಿರಿಗೆ ಹೋದರೆ ದಿನದ ಕೂಲಿ ಇಲ್ಲ. ಅವರು ತಾವೇ ಮೇಸ್ತ್ರಿಯ ಹತ್ತಿರ ಮಾತಾಡಿ, ಮರುದಿನ ಭಾನುವಾರ ಪೂಜೆ ಮುಗಿಸಿ ಬಂದು ಹಣ್ಣು ಕೊಯ್ದುಕೊಡುತ್ತೇವೆ ಎಂದು ಒಪ್ಪಿಸಿದ್ದಾರೆ. ಅದರಲ್ಲಿ ಒಬ್ಬರು ಚಿಕ್ಕಮಗಳೂರಿಗೆ ಆಸ್ಪತ್ರೆ ಬಿಟ್ಟು ಬೇರೆ ಕಾರಣಕ್ಕೆ ಹೋಗುತ್ತಿರುವುದು ಇದೇ ಮೊದಲಂತೆ. ಅದಕ್ಕೆಂದೇ ಟ್ರಂಕಿನಲ್ಲಿದ್ದ ಸೀರೆ ಹೊರಗೆ ಬಂದಿದೆ.

ನನಗೂ ಒಂದು ತೊಡಕಿದೆ. ಆ ಭಾನುವಾರ ಬೆಳಿಗ್ಗೆಯೇ ಮಂಗಳೂರಿನಲ್ಲಿ ನನಗೊಂದು ನೇಮಕಾತಿ ಪರೀಕ್ಷೆ. "ಹಾಡಿಕೊಂಡು ಕೂತರೆ ಕೆಲಸ ಸಿಗುತ್ತಾ?" ಎಂದು ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಅವರ ಮಾತಿನಲ್ಲಿ ತಪ್ಪಿಲ್ಲ. ಎರಡು ವರ್ಷದಿಂದ ಪರೀಕ್ಷೆ ಬರೆಯುತ್ತಲೇ ಇದ್ದೇನೆ. ಕೊನೆಗೆ ಒಂದು ಒಪ್ಪಂದವಾಗಿದೆ. ಅಭ್ಯಾಸ ಮುಗಿಸಿ ಬಂದ ಮೇಲೆ ರಾತ್ರಿ ಹನ್ನೊಂದರವರೆಗೆ ಓದಬೇಕು. ಶನಿವಾರ ಪೂಜೆ ಮುಗಿದ ಕೂಡಲೇ ಸಂಜೆ ಬಸ್ಸು ಹಿಡಿದು, ಚಾರ್ಮಾಡಿ ಘಾಟಿ ಇಳಿದು, ರಾತ್ರಿ ಮಂಗಳೂರಿನ ಚಿಕ್ಕಮ್ಮನ ಮನೆ ಸೇರಬೇಕು.

ಈ ಪರೀಕ್ಷೆ ಪಾಸಾದರೆ ನಾನೂ ಊರು ಬಿಡುತ್ತೇನೆ. ಒಂಬತ್ತು ಎಂಟಾಗುತ್ತದೆ. ಕ್ರಿಸ್ಮಸ್‌ಗೆ ಬಂದು ಸೆಲ್ಫಿ ತೆಗೆದುಕೊಳ್ಳುವವರ ಪೈಕಿ ನಾನೂ ಒಬ್ಬಳಾಗಬಹುದು. ಅದಕ್ಕೇ ಈಗ ಪಿಯುಸಿ ಓದುವ ಇಬ್ಬರು ಹುಡುಗಿಯರಿಗೆ ಭಾನುವಾರ ಪೂಜೆ ಮುಗಿದ ಮೇಲೆ ಕೀಬೋರ್ಡ್ ಹೇಳಿಕೊಡುತ್ತಿದ್ದೇನೆ. ಮೊದಲ ದಿನ ಅವರಿಗೆ ತೋರಿಸಿದ್ದು ಟ್ರಾನ್ಸ್‌ಪೋಸ್ ಬಟನ್. ಎರಡನೇ ದಿನ ಇಬ್ಬರನ್ನೂ ಮಾಮನ ಹತ್ತಿರ ಕರೆದುಕೊಂಡು ಹೋಗಿ ತಿದಿ ಒತ್ತಿಸಿದೆ. ತಿದಿ ಒತ್ತಿದವರಿಗೆ ಹಾಡಿಗೆ ಉಸಿರು ಬೇಕು ಎನ್ನುವುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಸಮಾವೇಶದಲ್ಲಿ ಏನಾಗುತ್ತದೋ ಗೊತ್ತಿಲ್ಲ. ನನ್ನ ಗಂಟಲು ಒಣಗಬಹುದು. ಹೊಸ ಚರ್ಮದ ತಿದಿ ಗಾಳಿ ಬಿಡಬಹುದು. ನನ್ನ ಕುತೂಹಲ ಮಾತ್ರ ಮಧ್ಯಾಹ್ನ ಮೂರರ ಪೂಜೆಯ ಮೇಲಿದೆ. ನಮ್ಮ ಚರ್ಚಿನಲ್ಲಿ ನೂರಿಪ್ಪತ್ತು ಜನ ಹಾಡಿದಾಗಲೇ ಮೈ ಜುಮ್ಮೆಂದಿತ್ತು. ಅಲ್ಲಿ ಕೂತ ಪ್ರತಿಯೊಬ್ಬರೂ ಹಾಡುವವರೇ. ಹಾಸನದ ಕಡೆಯವರು, ಬಯಲು ಸೀಮೆಯವರು, ನಮ್ಮಂಥ ತೋಟದವರು ಎಲ್ಲರೂ ಒಂದೇ ಹಾಡನ್ನು ಹಿಡಿದಾಗ ಪಕ್ಕದವರ ದನಿ ಕೇಳಿಸುತ್ತದೆಯೇ ಎಂದು ನೋಡಬೇಕು. ಅಷ್ಟು ಜನರ ನಡುವೆ ನಾನು ನುಡಿಸದೆ, ಬರೀ ಹಾಡುವವಳಾಗಿ ನಿಂತಿರುತ್ತೇನೆ.

ಹಾಂ, ರೈಟರ್ ಮಾಮ ಬರುತ್ತಾರೋ ಇಲ್ಲವೋ ಎಂಬುದು ನಿನ್ನೆಯವರೆಗೂ ಖಚಿತವಿರಲಿಲ್ಲ. ಕೇಳಿದಾಗಲೆಲ್ಲ "ನೋಡೋಣ" ಅನ್ನುತ್ತಿದ್ದರು. ನಿನ್ನೆ ಅಭ್ಯಾಸ ಮುಗಿದು ಎಲ್ಲರೂ ಹೊರಟಾಗ ಅವರು ಹಾರ್ಮೋನಿಯಂಗೆ ಹಳೆಯ ಕಂಬಳಿ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ನನ್ನನ್ನು ಕರೆದು ಕೇಳಿದರು: "ಬೆಳಗ್ಗೆ ಸರ್ಕಾರಿ ಬಸ್ಸು ಎಷ್ಟು ಗಂಟೆಗೆ?"

"ಆರೂವರೆಗೆ ಮಾಮ."

"ನಿಮಗೆಲ್ಲ ಫ್ರೀ. ನಂಗೆ ವಯಸ್ಸಾದವರ ರಿಯಾಯಿತಿ ಇದೆ. ಈ ಪೆಟ್ಟಿಗೆಗೆ ಲಗೇಜು ಹಾಕ್ತಾನೋ ಏನೋ, ಕಂಡಕ್ಟರ್‌ನ ಕೇಳಿಟ್ಟಿರು."

ಇವತ್ತು ಬೆಳಿಗ್ಗೆಯೇ ಬಸ್ ಸ್ಟಾಪಿಗೆ ಹೋಗಿ ಕೇಳಿ ಬಂದೆ. ತೊಡೆ ಮೇಲೆ ಇಟ್ಟುಕೊಂಡರೆ ಲಗೇಜು ಇಲ್ಲವಂತೆ.